ಮುಳ್ಳು ತೆಗೆದ ಮೀನು

ಸೆತುಬಾಲಿನ ಹಳೇ ಚಿತ್ರಮಂದಿರದಲ್ಲಿ ಶುಕ್ರವಾರ ರಾತ್ರಿ
ನಮ್ಮೂರದೇ ಸಿನಿಮಾ. ನಗೆಚಿತ್ರವಂತೆ.
ಮೂರನೇ ಸಾಲಿನಲ್ಲಿ ಇದಾಲೀನಾ ಅತ್ತೆ,
ಎಂಬತ್ತೊಂಬತ್ತು ವರ್ಷ, ಮೊಣಕಾಲ ಮೇಲೆ ಕೈಚೀಲ,
ಚೀಲದಲ್ಲಿ ಉಪ್ಪುನೀರಿಗೆ ಹಾಕಿದ ಹಳದಿ ಕಾಳು.
ಪಕ್ಕದಲ್ಲಿ ನಾನು: ಆಚೆ ದಡಕ್ಕೆ ಕಾರು ದಾಟಿಸುವ ಹಡಗಿನಲ್ಲಿ
ಹಗ್ಗ ಕಟ್ಟುವವ,
ಅತ್ತೆಗೆ ಟಿಕೆಟ್ಟು ತಂದುಕೊಟ್ಟ ತಪ್ಪಿಗೆ ಹೊಣೆಗಾರ.

ಹೋದ ವರ್ಷ ಲಿಸ್ಬನ್ನಿನಿಂದ ಇಬ್ಬರು ಬಂದು
ಅವಳ ಅಡುಗೆಮನೆಯಲ್ಲಿ ಮೂರು ಸಂಜೆ ಕೂತು
ರೆಕಾರ್ಡರಿನ ಕೆಂಪು ಚುಕ್ಕೆ ಉರಿಸಿ
ಮೀನಿನ ಕಾರ್ಖಾನೆಯ ಕತೆ ಕೇಳಿದ್ದರು. ನಕ್ಕೂ ನಕ್ಕೂ
ಒಬ್ಬ ಕುರ್ಚಿಯಿಂದ ಜಾರಿದ್ದ, ನಾನೇ ನೋಡಿದ್ದೆ.
ಈಗನಿಸುತ್ತೆ, ಸಿನಿಮಾ ಆವತ್ತೇ ಮುಗಿದಿತ್ತು.

ಏನು ಕತೆ ಅಂತೀರಿ?
ನಡುರಾತ್ರಿ ದೋಣಿ ಬಂದರೂ ಸೈರನ್ ಕೂಗುತ್ತಿತ್ತು,
ಮೊಲೆಗೆ ಕಚ್ಚಿದ ಕೂಸನ್ನು ಬಿಡಿಸಿಟ್ಟು ಓಡಬೇಕು.
ತಲೆ ಚಿವುಟಿ, ಕರುಳೆಳೆದು, ಡಬ್ಬಿ ತುಂಬುತ್ತಾ
ಹಾಡಬೇಕು. ಮೇಸ್ತ್ರಿ ವೆನಾನ್ಸಿಯೊನ ಅಪ್ಪಣೆ.
ಹಾಡುವ ಬಾಯಿ ಮೀನು ತಿನ್ನುವುದಿಲ್ಲವಲ್ಲ!

ಹಾಡಿದರು. ಮಾತೆ ಮರಿಯಳ ಸ್ತೋತ್ರದ ರಾಗ,
ಒಳಗೆ ಮಾತು ಬೇರೆ:
ವೆನಾನ್ಸಿಯೊನ ಹೊಟ್ಟೆ, ಹೊಟ್ಟೆಯ ಕೆಳಗಿನ ಬಡತನ,
ಅವನ ಹೆಂಡತಿ ರಾತ್ರಿಯೆಲ್ಲ ದೀಪ ಹಿಡಿದು ಹುಡುಕುವುದು.
ಯಂತ್ರಗಳಿಗೆ ಕಿವಿ ಕೊಟ್ಟು ಕಿವುಡಾದವನಿಗೆ
ರಾಗವಷ್ಟೇ ಕೇಳಿಸಿ,
ಟೋಪಿ ತೆಗೆದು ಎದೆಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ.
ಅರವತ್ತು ಹೆಂಗಸರು ನಗು ನುಂಗಿ ನುಂಗಿ
ಒಬ್ಬಳಿಗೆ ಅಲ್ಲೇ ಹೆರಿಗೆ ನೋವು ಬಂತಂತೆ.

ತೆರೆಯ ಮೇಲೆ?
ತೆರೆಯ ಮೇಲೆ ಅವರು ನಿಜವಾದ ಸ್ತೋತ್ರ ಹಾಡಿದರು.
ಇಸ್ತ್ರಿ ಮಾಡಿದ ಮೇಲಂಗಿ, ಉಗುರಲ್ಲಿ ಒಂದು ಹುರುಪೆಯಿಲ್ಲ.
ಮೇಸ್ತ್ರಿಗೆ ಬೆಣ್ಣೆಯ ಮನಸ್ಸು, ಜೊತೆಗೊಂದು ನಾಯಿಮರಿ.
ಒಬ್ಬಳು ಜಾರಿ ತೊಟ್ಟಿಗೆ ಬಿದ್ದಳು. ಎರಡು ಸಲ;
ಎರಡನೆಯದು ಮೊದಲ ಸಲ ನಗದವರಿಗೆ.
ಪಾದ್ರಿಗೆ ಬೇಜಾರಾಗದಂತೆ, ಧಣಿಗೆ ಬೇಜಾರಾಗದಂತೆ,
ಕಾರ್ಖಾನೆ ಕೆಡವಿ ಧಣಿಯ ಮೊಮ್ಮಕ್ಕಳು ಕಟ್ಟಿಸಿದ
ಹೋಟೆಲಿಗೂ ಬೇಜಾರಾಗದಂತೆ.
ಪ್ರತಿ ನಗೆಗೂ ಮುಂಚೆ ಪಿಟೀಲೊಂದು ಬಂದು
'ಇಗೋ ನಗು ಬರುತ್ತಿದೆ, ಮೆಟ್ಟಿಲು ನೋಡಿಕೊಳ್ಳಿ' ಎಂದು
ಕೈ ಹಿಡಿದು ಇಳಿಸಿತು.

ಜನ ನಕ್ಕರು, ಇಲ್ಲವೆನ್ನಲಾರೆ.
ಮದುವೆಮನೆಯಲ್ಲಿ ಗುರುತಿಲ್ಲದವರ ಕಡೆ
ನಕ್ಕಂತೆ.
ಅತ್ತೆ ಕಾಳು ಹಿಚುಕಿ, ಸಿಪ್ಪೆಯನ್ನು ಅಂಗೈಗೆ ಉಗುಳಿ,
ಉಗುಳಿದ್ದನ್ನು ಎಣಿಸುತ್ತಿದ್ದಳು.

ಹೊರಗೆ, ಗಾಳಿಗೆ ಶಾಲು ಬಿಗಿದುಕೊಂಡು ಕೇಳಿದಳು:
'ಆಗ ಒಬ್ಬ ನೀಲಿ ಪೆನ್ಸಿಲು ಹಿಡಿದು ಕೂತಿರುತ್ತಿದ್ದ.
ಎರಡು ಸಾಲಿಗೆ ಜುಲ್ಮೀರಾ ಹನ್ನೊಂದು ದಿನ ಒಳಗಿದ್ದಳು.
ಈಗ ಯಾರು ಕೂತಿದ್ದಾರೆ?'
ಯಾರೂ ಇಲ್ಲ ಅತ್ತೆ, ಅಂದೆ.
'ಮತ್ತೆ ಈ ಹುಡುಗರು ಹೆದರಿದ್ದು ಯಾರಿಗೆ?'

ಅಷ್ಟರಲ್ಲಿ ಕುರ್ಚಿಯಿಂದ ಜಾರಿದ್ದ ಅದೇ ಹುಡುಗ,
ಈಗ ಕೋಟು ಹಾಕಿಕೊಂಡು, ಹೂಗುಚ್ಛ ಹಿಡಿದು,
'ನಕ್ಕಿರಾ ದೋನಾ ಇದಾಲೀನಾ?'
ಅವನ ಕೆನ್ನೆ ತಟ್ಟಿದಳು. ಪಾಪ, ಪ್ರೀತಿಯಿಂದಲೇ.
'ಮುಳ್ಳೆಲ್ಲ ತೆಗೆದು ಬಡಿಸಿದೆ ಮಗಾ,
ಹಲ್ಲಿಲ್ಲದವರಿಗೆ ಒಳ್ಳೆಯದು.
ನನಗಿನ್ನೂ ಏಳು ಹಲ್ಲಿವೆ.'

ಬಸ್ಸು ತಡ. ನಿಲ್ದಾಣದ ಬೆಂಚಿನಲ್ಲಿ
ಕಾಲು ತೂಗುತ್ತಾ ಸ್ತೋತ್ರ ಶುರುಮಾಡಿದಳು,
ಸಣ್ಣ ದನಿಯಲ್ಲಿ, ಮಾತು ಮಾತಾಗಿ,
ದೀಪ ಹಿಡಿದು ಹುಡುಕುವ ಚರಣದವರೆಗೂ.
ನಾನು ನನ್ನ ಬೂಟು ನೋಡಿಕೊಂಡೆ.
ಬೆಂಚಿನ ಆ ತುದಿಯಲ್ಲಿದ್ದ ಕಿವಿ ಮಂದದ ಮುದುಕಿ
ಕಣ್ಣು ಮುಚ್ಚಿ,
ಮೆಲ್ಲಗೆ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.